ಟ್ರಾವೆಲರ್ ಕ್ಯಾರವಾನ್: ಹೊಸ ಸೀಲ್ ಹಾಕಿದರೂ ಹಿಂದಿನ ಹೌಸಿಂಗ್‌ನಿಂದ ಆಯಿಲ್ ಸೋರಿಕೆ ನಿಲ್ತಿಲ್ಲ

ಮನೆಗಾಡಿ ಶಿರಸಿ

ಫೋರ್ಸ್ ಟ್ರಾವೆಲರ್ 3350 ಮೇಲೆ ಕಟ್ಟಿಸಿದ ಕ್ಯಾರವಾನ್. ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಬಾತ್‌ರೂಮ್ ಎಲ್ಲ ಇದೆ. 150 ಲೀಟರ್ ನೀರಿನ ಟ್ಯಾಂಕ್ ಹಿಂದಿನ ಆಕ್ಸಲ್ ದಾಟಿ ಕೂತಿದೆ. ಮಳೆಗಾಲ ಪೂರ್ತಿ ಶೆಡ್‌ನಲ್ಲೇ ಇರುತ್ತೆ.

ಈಗಿನ ಸ್ಥಿತಿ: ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ತಿರುಗುವ ಬಲ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ಮಧ್ಯದ ಗೇರ್ ಗೂಡಿಗೆ (ಹೌಸಿಂಗ್‌ಗೆ) ಸೇರೋ ಮೂತಿ ಯಾವಾಗಲೂ ಒದ್ದೆ. ಬಲ ಹಿಂಚಕ್ರದ ಒಳಮೈಯಲ್ಲಿ ಕಪ್ಪು ಗೆರೆ. ಎಂಜಿನ್ನು-ಗೇರ್‌ಬಾಕ್ಸ್ ಸೇರೋ ಜಾಗದ ಕೆಳಗೂ ಆಗಾಗ ಒಂದು ಹನಿ. ಆ ಮೂತಿಯಲ್ಲಿ ಎಣ್ಣೆ ತಡೆಯೋ ರಬ್ಬರ್ ಬಳೆ, ಅಂದ್ರೆ ಪಿನಿಯನ್ ಸೀಲ್, ಬದಲಾಯಿಸಿದ್ದಾಯ್ತು, ಕೆಲವೇ ವಾರದಲ್ಲಿ ಮತ್ತೆ ಅದೇ ಕಥೆ. ಇನ್ನೊಂದು ಸೀಲ್ ಹಾಕಿ ಅಂತಾರೆ. ಹಾಕೋ ಮೊದಲು ಏನು ನೋಡಬೇಕು?

ಕ್ರೌನ್ ಪಿನಿಯನ್

ಸರ್, ಮೂರು ಕಡೆ ಒದ್ದೆ ಇದೆ ಅಂದ ಮಾತ್ರಕ್ಕೆ ಮೂರು ಸೀಲ್ ಹೋಗಿದೆ ಅಂತಲ್ಲ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಎರಚುತ್ತೆ. ಎಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್‌ನಿಂದ ಇಳಿದ ಎಂಜಿನ್ ಆಯಿಲ್ ಗೇರ್‌ಬಾಕ್ಸ್ ಹೊಟ್ಟೆಯುದ್ದಕ್ಕೂ ಹರಿದು ಕೊನೆಗೆ ಹಿಂದಿನ ಸೀಲ್ ಹತ್ತಿರ ತೊಟ್ಟಿಕ್ಕುತ್ತೆ. ನೋಡಿದವರು ಗೇರ್‌ಬಾಕ್ಸ್ ಇಳಿಸಿಬಿಡ್ತಾರೆ.

ಮೊದಲು ಡೀಸೆಲ್ ಮತ್ತು ಬ್ರಷ್‌ನಿಂದ ಎಂಜಿನ್ ಹಿಂಭಾಗದಿಂದ ಹೌಸಿಂಗ್‌ವರೆಗೆ ಪೂರ್ತಿ ತೊಳೆದು ಒಣಗಿಸಿ. ಬ್ರೇಕ್ ಡ್ರಮ್ ಕಡೆ ಮಾತ್ರ ಡೀಸೆಲ್ ಹೋಗದ ಹಾಗೆ ನೋಡ್ಕೊಳ್ಳಿ. ಒಣಗಿದ ಮೇಲೆ ಅನುಮಾನದ ಜಾಗಕ್ಕೆ ಮುಖಕ್ಕೆ ಹಚ್ಚೋ ಟಾಲ್ಕಂ ಪೌಡರ್ ಉದುರಿಸಿ, 15-20 ಕಿಲೋಮೀಟರ್ ಓಡಿಸಿ, ತಕ್ಷಣ ಕೆಳಗೆ ಇಣುಕಿ. ಪೌಡರ್ ಮೊದಲು ಎಲ್ಲಿ ಕಪ್ಪಾಗಿದೆಯೋ ಅದೇ ಮೂಲ. ಆಮೇಲೆ ರಾತ್ರಿಯಿಡೀ ಅಡಿಯಲ್ಲಿ ರಟ್ಟು ಹಾಸಿಡಿ.

ಮೂಸಿ ನೋಡೋದೂ ಪರೀಕ್ಷೆಯೇ. ಗೇರ್ ಆಯಿಲ್‌ಗೆ ಗಂಧಕದ ಕಮಟು ವಾಸನೆ, ಬೆರಳಿಗೆ ಅಂಟಂಟು. ಡೀಸೆಲ್ ಎಂಜಿನ್ ಆಯಿಲ್ ಕಪ್ಪು, ತೆಳು, ಸುಟ್ಟ ವಾಸನೆ. ಬ್ರೇಕ್ ಆಯಿಲ್ ತೆಳುವಾಗಿ ನುಣುಪಾಗಿರುತ್ತೆ, ಬಣ್ಣ ಎಬ್ಬಿಸುತ್ತೆ. ಚಕ್ರದ ಒಳಮೈ ಗೆರೆ ಬ್ರೇಕ್ ಆಯಿಲ್ ಆಗಿದ್ದರೆ ಅದು ಹಬ್ (ಚಕ್ರದ ಗುಂಬ) ಸೀಲ್ ಅಲ್ಲ, ಬ್ರೇಕ್ ಒತ್ತೋ ವೀಲ್ ಸಿಲಿಂಡರ್. ಆಗ ಗಾಡಿ ಅಲ್ಲೇ ನಿಲ್ಲಬೇಕು.

ಎಷ್ಟು ಸೋರಿದರೆ ಹೆದರಬೇಕು ಅನ್ನೋದಕ್ಕೆ ಒಂದು ಲೆಕ್ಕ: ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ನಿಮಿಷಕ್ಕೊಂದು ಹನಿ ಅಂದ್ರೆ ದಿನಕ್ಕೆ 1440 ಹನಿ, 72 ಮಿಲಿಲೀಟರ್. ಹೌಸಿಂಗ್‌ನಲ್ಲಿ ಇರೋದೇ ಕೆಲವು ಲೀಟರ್, ಹಾಗಾಗಿ ಈ ವೇಗ ತಡಕೊಳ್ಳೋ ಹಾಗಿಲ್ಲ. ರಾತ್ರಿಗೊಂದು ಹನಿ, ಅಥವಾ ಧೂಳು ಅಂಟಿಕೊಂಡ ಒದ್ದೆ ಪದರ ಅಷ್ಟೇ ಇದ್ದರೆ ತಿಂಗಳಿಗೊಮ್ಮೆ ಲೆವೆಲ್ ನೋಡಿ ಓಡಿಸಬಹುದು. ಹಬ್ ಸೀಲ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ.

ಹುಬ್ಬಳ್ಳಿ ಗ್ಯಾರೇಜ್

ಎಲ್ಲಾ ಬಿಡ್ರಿ, ಮೊದಲ ಬ್ರೀದರ್, ಅಂದ್ರ ಒಳಗಿನ ಗಾಳಿ ಹೊರಗ ಹೋಗೂ ಕಿಂಡಿ, ನೋಡೀರಿ ಏನು? ಹೌಸಿಂಗ್ ಮ್ಯಾಲೆ ಸಣ್ಣ ಟೊಪ್ಪಿಗಿ ಇರತೈತಿ, ಇಲ್ಲಾ ಒಂದು ಪೈಪ್ ಮ್ಯಾಲೆ ಹೋಗಿರತೈತಿ. ನಿಂತ ಗಾಡ್ಯಾಗ ಕಣಜದ ಹುಳ ಅದರಾಗ ಮಣ್ಣಿನ ಗೂಡು ಕಟ್ಟತಾವ. ಕ್ಯಾರವಾನ್ ಕಟ್ಟೋರು ಚಾಸಿಗೆ ಕಪ್ಪು ಅಂಡರ್‌ಕೋಟಿಂಗ್ ಹೊಡೀವಾಗ ಬ್ರೀದರ್ ಮ್ಯಾಲೂ ಹೊಡದು ಮುಚ್ಚಿಬಿಡತಾರ. ಇದು ಭಾಳ ಕಡೆ ಆಗತೈತಿ.

ಘಟ್ಟ ಹತ್ತೂಮುಂದ ಒಳಗಿನ ಎಣ್ಣಿ ಬಿಸಿ ಆಗಿ ಗಾಳಿ ಹಿಗ್ಗತೈತಿ. ಹೊರಗ ಹೋಗಾಕ ದಾರಿ ಇಲ್ಲಂದ್ರ ಸೀಲ್ ಲಿಪ್ (ಶಾಫ್ಟಿಗೆ ತಾಗೂ ರಬ್ಬರ್ ತುಟಿ) ಎಬ್ಬಿಸಿ ಎಣ್ಣಿ ಕರಕೊಂಡ ಹೊರಗ ಬರತೈತಿ. ನೀವು ಬಂಗಾರದ ಸೀಲ್ ಹಾಕಿದ್ರೂ ಅಷ್ಟ.

ಬಿಚ್ಚಿ, ಡೀಸೆಲ್‌ನಾಗ ತೊಳದು, ಬಾಯಿಂದ ಊದ್ರಿ, ಸಲೀಸ ಹೋಗಬೇಕು. ಒಂದು ಸುಲಭ ಪರೀಕ್ಷಾ: ಗಾಡಿ ಓಡಿಸಿ ಬಂದ ಕೂಡಲೇ ಬ್ರೀದರ್ ಸಡಿಲ ಮಾಡ್ರಿ. ಸುಸ್ ಅಂತ ಗಾಳಿ ಬಂತಂದ್ರ ಕಳ್ಳ ಸಿಕ್ಕ. ಹಂಗ ಗೇರ್‌ಬಾಕ್ಸಿಗೂ ಬ್ಯಾರೆ ಬ್ರೀದರ್ ಐತಿ, ಅದನ್ನ ಮರೀಬ್ಯಾಡ್ರಿ.

ಲೇತ್ ಕೆಲಸ ಪೀಣ್ಯ

ಬ್ರೀದರ್ ಸರಿ ಇದ್ದೂ ಕೆಲವೇ ವಾರದಲ್ಲಿ ಸೋರಿತು ಅಂದ್ರೆ ಸೀಲ್ ಕೂರೋ ಮೈ ನೋಡಬೇಕು. ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗೋ ಪಿನಿಯನ್ ಫ್ಲಾಂಜ್‌ನ ನುಣುಪು ಭಾಗದ ಮೇಲೆ ಉಗುರು ಎಳೀರಿ. ಉಗುರು ಸಿಕ್ಕಿಹಾಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ. ರಬ್ಬರ್ ಕಬ್ಬಿಣವನ್ನು ಸವೆಸುತ್ತಾ ಅಂತ ಕೇಳ್ತಾರೆ. ಸವೆಸೋದು ರಬ್ಬರ್ ಅಲ್ಲ, ಲಿಪ್ ಕೆಳಗೆ ಸಿಕ್ಕ ಧೂಳು ಮತ್ತು ತುಕ್ಕಿನ ಪುಡಿ. ಮಲ್ಪೆ, ಕಾರವಾರದಂಥ ಕಡೆ ಸಮುದ್ರದ ಹತ್ತಿರ ತಿಂಗಳುಗಟ್ಟಲೆ ನಿಲ್ಲೋ ಗಾಡಿಗಳಲ್ಲಿ ಲಿಪ್ ತಾಗೋ ಜಾಗದಲ್ಲೇ ತುಕ್ಕಿನ ಉಂಗುರ ಏಳುತ್ತೆ. ಮೊದಲ ಓಟದಲ್ಲೇ ಅದು ಹೊಸ ಲಿಪ್ಪನ್ನು ಕೆರೆದು ಹಾಕುತ್ತೆ.

ಪರಿಹಾರ ಮೂರು ಇವೆ.

ಒಂದು, ರಿಪೇರಿ ಸ್ಲೀವ್. ತೆಳು ಸ್ಟೇನ್‌ಲೆಸ್ ಬಳೆ, ದಪ್ಪ ಸುಮಾರು 0.28 ಮಿಲಿಮೀಟರ್. ಸವೆದ ಮೈಮೇಲೆ ಒತ್ತಿ ಕೂರಿಸೋದು. ದಪ್ಪ ಇಷ್ಟು ಕಡಿಮೆ ಇರೋದರಿಂದ ಮೊದಲಿನ ಅಳತೆಯ ಸೀಲೇ ಸಾಕು. ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವ್ ಅಂತ ಕೇಳಿದರೆ ಸಿಗುತ್ತೆ. ಶಾಫ್ಟ್ ವ್ಯಾಸವನ್ನು ಸವೆಯದ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ಅಳೆದೇ ತರಬೇಕು, ಅಂದಾಜಿಗೆ ತರಬೇಡಿ. ಗೆರೆ ಆಳವಾಗಿದ್ದರೆ ಮೆಟಲ್ ಎಪಾಕ್ಸಿ ತುಂಬಿ, ಅದು ಗಟ್ಟಿಯಾಗೋ ಮೊದಲೇ ಸ್ಲೀವ್ ಹೊಡೀಬೇಕು.

ಎರಡು, ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ಲಿಪ್ ಹೊಸ ಜಾಗದಲ್ಲಿ ಓಡೋ ಹಾಗೆ ಮಾಡೋದು. ಖರ್ಚಿಲ್ಲದ ಉಪಾಯ. ಆದರೆ ಒಳಕ್ಕೆ ತಳ್ಳುವಾಗ ಬೇರಿಂಗ್‌ಗೂ ಸೀಲ್‌ಗೂ ನಡುವೆ ಎಣ್ಣೆ ವಾಪಸ್ ಹರಿಯೋ ತೂತು ಇರುತ್ತೆ, ಅದನ್ನು ಮುಚ್ಚಿಬಿಟ್ಟರೆ ಎಣ್ಣೆ ಅಲ್ಲೇ ನಿಂತು ಇನ್ನೂ ಜಾಸ್ತಿ ಸೋರುತ್ತೆ.

ಮೂರು, ಹೊಸ ಫ್ಲಾಂಜ್. ಸಿಕ್ಕರೆ ಇದೇ ಉತ್ತಮ.

ಲೇತ್‌ನಲ್ಲಿ ಎಮರಿ ಪೇಪರ್ ಹಿಡಿದು ಪಾಲಿಶ್ ಮಾಡಿಕೊಡಿ ಅಂತ ಬರುವವರಿಗೆ ಒಂದು ಮಾತು. ಪೇಪರನ್ನು ಉದ್ದಕ್ಕೆ ಸರಿಸುತ್ತಾ ಉಜ್ಜಿದರೆ ಕಣ್ಣಿಗೆ ಕಾಣದ ಸ್ಕ್ರೂ ಮರೆ (ತ್ರೆಡ್) ಬೀಳುತ್ತೆ, ಶಾಫ್ಟ್ ತಿರುಗಿದಂತೆ ಎಣ್ಣೆಯನ್ನು ಅದೇ ಹೊರಗೆ ಪಂಪ್ ಮಾಡುತ್ತೆ. ಗ್ರೈಂಡಿಂಗ್ ಆದರೂ ಸರಿಸದೆ ಒಂದೇ ಕಡೆ ನಿಲ್ಲಿಸಿ ಕೊಡಬೇಕು. ಮೈ ಒರಟುತನ ಆರ್‌ಎ 0.2ರಿಂದ 0.8 ಮೈಕ್ರಾನ್ ಒಳಗಿರಲಿ. ಕನ್ನಡಿ ಥರ ಹೊಳೆದರೂ ತಪ್ಪೇ, ಲಿಪ್ ಕೆಳಗೆ ಎಣ್ಣೆ ಪದರ ನಿಲ್ಲೋದಿಲ್ಲ.

ಸೀಲ್ ಮೇಲೆ 45-65-10 ಅಂತಿದ್ದರೆ ಒಳವ್ಯಾಸ, ಹೊರವ್ಯಾಸ, ಅಗಲ. ಸೀಲ್ ತರೋಕೆ ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋಗುವಾಗ ಹಳೇ ಸೀಲ್ ಜೇಬಲ್ಲಿರಲಿ. ಎನ್‌ಬಿಆರ್ ಅಂದ್ರೆ ಮಾಮೂಲಿ ನೈಟ್ರೈಲ್, ಸುಮಾರು 100 ಡಿಗ್ರಿವರೆಗೆ ಆರಾಮ. ಎಫ್‌ಕೆಎಂ, ಅಂದ್ರೆ ವೈಟಾನ್, 200 ಡಿಗ್ರಿವರೆಗೆ ತಡೆಯುತ್ತೆ. ಭಾರ ಹೊತ್ತು ಘಟ್ಟ ಹತ್ತೋ ಗಾಡಿಗೆ ಪಿನಿಯನ್‌ಗೆ ವೈಟಾನ್ ಹಾಕಿಸಿದರೆ ನಷ್ಟವಿಲ್ಲ. ಧೂಳಿಗೆ ಎರಡನೇ ಲಿಪ್ ಇರೋದನ್ನೇ ಕೇಳಿ.

ಮನೆಗಾಡಿ ಶಿರಸಿ

ಬ್ರೀದರ್ ಮೇಲೆ ನಿಜಕ್ಕೂ ಅಂಡರ್‌ಕೋಟಿಂಗ್ ಮೆತ್ತಿತ್ತು ರೀ, ಹುಬ್ಬಳ್ಳಿಯವರಿಗೆ ನಮಸ್ಕಾರ. ಫ್ಲಾಂಜ್ ಮೇಲೆ ಉಗುರಿಗೆ ಸಿಗೋ ಗೆರೆಯೂ ಇದೆ. ಇನ್ನೊಂದು: ಸೀಲ್ ಹಾಕಿದ ಹುಡುಗ ನಟ್ಟನ್ನು ಏರ್ ಗನ್ನಿಂದ ಬಿಗಿ ಮಾಡಿದ್ದ. ಅದರಿಂದ ತೊಂದರೆ ಇದೆಯಾ?

ಕ್ರೌನ್ ಪಿನಿಯನ್

ಇದೆ. ಪಿನಿಯನ್ ನಟ್ ಬರೀ ಫ್ಲಾಂಜ್ ಹಿಡಿಯೋ ನಟ್ ಅಲ್ಲ. ಎರಡು ಟೇಪರ್ ಬೇರಿಂಗ್‌ಗಳ ಮೇಲಿನ ಒತ್ತಡ ನಿರ್ಧಾರ ಆಗೋದು ಅದರಿಂದಲೇ. ಮಧ್ಯೆ ಕ್ರಶ್ ಸ್ಲೀವ್ (ಒತ್ತಿದರೆ ಕುಗ್ಗೋ ಲೋಹದ ಬಳೆ) ಇರೋ ಹೌಸಿಂಗ್ ಆದರೆ ನಟ್ ಬಿಗಿದಷ್ಟೂ ಆ ಸ್ಲೀವ್ ಕುಗ್ಗುತ್ತೆ, ಮತ್ತೆ ಹಿಗ್ಗಲ್ಲ. ಗನ್ ಕೊಟ್ಟರೆ ಎರಡು ಸೆಕೆಂಡಲ್ಲಿ ಅಳತೆ ಮೀರಿ ಹೋಗಿರುತ್ತೆ. ಬೇರಿಂಗ್ ಬಿಸಿಯಾಗಿ ಊಳಿಡೋಕೆ ಶುರುವಾಗುತ್ತೆ, ಸೀಲ್ ಸುಡುತ್ತೆ. ಹೆಚ್ಚಾಯ್ತು ಅಂತ ನಟ್ ಸಡಿಲ ಮಾಡಿದರೆ ಬೇರಿಂಗ್ ಆಟ ಬರುತ್ತೆ, ಪಿನಿಯನ್ ಮೂತಿ ಅಲ್ಲಾಡುತ್ತೆ, ಅಲ್ಲಾಡೋ ಶಾಫ್ಟಿಗೆ ಯಾವ ಸೀಲೂ ನಿಲ್ಲಲ್ಲ. ಅಳತೆ ಮೀರಿದ್ದರೆ ಹೊಸ ಕ್ರಶ್ ಸ್ಲೀವ್ ಒಂದೇ ದಾರಿ. ಗಟ್ಟಿ ಸ್ಪೇಸರ್ ಮತ್ತು ಶಿಮ್ ಇರೋ ಹೌಸಿಂಗ್ ಆದರೆ ಚಿಂತೆ ಕಡಿಮೆ, ಸರ್ವಿಸ್ ಪುಸ್ತಕದ ಟಾರ್ಕ್ ಕೊಟ್ಟರೆ ಮುಗೀತು. ಬಿಚ್ಚೋ ಮೊದಲೇ ಯಾವ ತರಹದ್ದು ಅಂತ ಚಾಸಿ ನಂಬರ್ ಕೊಟ್ಟು ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ.

ಮುಟ್ಟದ ಹೌಸಿಂಗ್‌ನಲ್ಲಿ ಸೀಲ್ ಒಂದನ್ನೇ ಬದಲಾಯಿಸೋ ಕ್ರಮ ಬರೀತೀನಿ, ಮುಂದೆ ಯಾರಿಗಾದರೂ ಬೇಕಾಗುತ್ತೆ.

ಸಮತಟ್ಟು ಜಾಗ. ಮುಂದಿನ ಚಕ್ರ ಉರುಳದ ಹಾಗೆ ಎರಡೂ ಕಡೆ ಅಡ್ಡ ಇಡಿ. ಹಿಂದೆ ಜಾಕಿ ಮೇಲೆ ನಂಬಿಕೆ ಇಟ್ಟು ಒಳಗೆ ನುಸುಳಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ನೀರಿನ ಟ್ಯಾಂಕ್ ಖಾಲಿ ಮಾಡಿದ್ದರೆ ಒಳ್ಳೇದು.

ಪ್ರೊಪೆಲ್ಲರ್ ಶಾಫ್ಟ್ ಮತ್ತು ಫ್ಲಾಂಜ್ ಮೇಲೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು ಬೋಲ್ಟ್ ಬಿಚ್ಚಿ. ವಾಪಸ್ ಅದೇ ಗೆರೆಗೆ ಕೂರಿಸದಿದ್ದರೆ ಬ್ಯಾಲೆನ್ಸ್ ತಪ್ಪಬಹುದು. ಶಾಫ್ಟನ್ನು ನೇತಾಡಲು ಬಿಡದೆ ತಂತಿಯಲ್ಲಿ ಪಕ್ಕಕ್ಕೆ ಕಟ್ಟಿ. ಹಬ್ ಹೊರಮುಖದ ಮಧ್ಯೆ ಸುತ್ತಲೂ ಬೋಲ್ಟ್ ಇರೋ ಫುಲ್ ಫ್ಲೋಟಿಂಗ್ ಆಕ್ಸಲ್ ಆದರೆ ಹೌಸಿಂಗ್‌ನಿಂದ ಚಕ್ರಕ್ಕೆ ಹೋಗೋ ಎರಡೂ ಹಾಫ್ ಶಾಫ್ಟ್ ಸ್ವಲ್ಪ ಹೊರಗೆಳೆದುಬಿಡಿ, ಚಕ್ರದ ಎಳೆತ ಲೆಕ್ಕಕ್ಕೆ ಬರಲ್ಲ.

ಈಗ ಮುಖ್ಯ ಕೆಲಸ. ಫ್ಲಾಂಜ್ ಸುತ್ತ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೀರಿ. ಮೊದಲು ಕದಲಿಸೋಕೆ ಬೇಕಾದ ಬಲ ಬೇಡ, ಸಮನಾಗಿ ತಿರುಗುವಾಗ ತೋರಿಸೋದನ್ನು ಬರ್ಕೊಳ್ಳಿ. ದಾರ ಕೂತ ಜಾಗದ ತ್ರಿಜ್ಯ 50 ಮಿಲಿಮೀಟರ್, ತಕ್ಕಡಿ 3 ಕಿಲೋ ತೋರಿಸಿದರೆ ಸುಮಾರು 1.5 ನ್ಯೂಟನ್ ಮೀಟರ್. ಆಮೇಲೆ ನಟ್, ಪಿನಿಯನ್ ತುದಿ, ಫ್ಲಾಂಜ್ ಮೂರಕ್ಕೂ ಚುಕ್ಕಿ ಪಂಚ್ ಹೊಡೆದು ಗುರುತು ಮಾಡಿ, ನಟ್ ದಾಟಿ ಎಷ್ಟು ಮರೆ ಹೊರಗಿದೆ ಎಣಿಸಿ.

ಫ್ಲಾಂಜಿಗೆ ಉದ್ದ ಪಟ್ಟಿ ಬೋಲ್ಟ್ ಮಾಡಿ ನೆಲಕ್ಕೆ ಆನಿಸಿ ನಟ್ ಬಿಚ್ಚಿ. ಫ್ಲಾಂಜ್ ಪುಲ್ಲರ್‌ನಲ್ಲಿ ಬರಬೇಕು, ಸುತ್ತಿಗೆಯಲ್ಲಿ ಅಲ್ಲ. ಹಳೇ ಸೀಲನ್ನು ಕೊಕ್ಕೆಯಿಂದ ಎಬ್ಬಿಸುವಾಗ ಹೌಸಿಂಗ್ ಮೈಗೆ ಗೀರು ಬಿದ್ದರೆ ಸೀಲ್ ಹೊರಸುತ್ತಿನಿಂದ ಸೋರುತ್ತೆ.

ಹೊಸ ಸೀಲ್: ಸ್ಪ್ರಿಂಗ್ ಇರೋ ಮುಖ ಎಣ್ಣೆ ಕಡೆಗೆ. ಎರಡು ಲಿಪ್ ನಡುವಿನ ಸಂದಿಗೆ ಅರ್ಧದಷ್ಟು ಗ್ರೀಸ್. ಒಣ ಲಿಪ್ ಓಡಿಸಿದರೆ ಏನಾಗುತ್ತೆ ಅಂದ್ರೆ, ಟೈರ್ ವ್ಯಾಸ 75 ಸೆಂಟಿಮೀಟರ್, ಹೌಸಿಂಗ್ ಅನುಪಾತ 4 ಅಂತ ಇಟ್ಕೊಳ್ಳಿ, 80 ಕಿಲೋಮೀಟರ್ ವೇಗದಲ್ಲಿ ಪಿನಿಯನ್ ನಿಮಿಷಕ್ಕೆ 2200ಕ್ಕೂ ಹೆಚ್ಚು ಸುತ್ತು. ಗ್ರೀಸ್ ಇಲ್ಲದಿದ್ದರೆ ಎಣ್ಣೆ ತಲುಪೋ ಮೊದಲೇ ಲಿಪ್ ಗಟ್ಟಿಯಾಗಿರುತ್ತೆ. ಸೀಲ್ ಹೊರಮೈ ಬರೀ ಲೋಹದ್ದಾದರೆ ತೆಳುವಾಗಿ ಅನಾಬಾಂಡ್ ಸೀಲೆಂಟ್ ಸವರಿ, ರಬ್ಬರ್ ಇದ್ದರೆ ಬೇಡ. ಸೀಲ್ ಹೊರವ್ಯಾಸದಷ್ಟೇ ಅಗಲದ ಪೈಪ್ ತುಂಡು ಇಟ್ಟು ನೇರವಾಗಿ ತಟ್ಟಿ. ಸೊಟ್ಟ ಹೋಗಿ ಒಂದು ಕಡೆ ಹೊಡೆದು ಸರಿಮಾಡಿದ ಸೀಲನ್ನು ಎಸೆದುಬಿಡಿ.

ಬಹಳ ಜನ ಬಿಡೋ ಸಂಗತಿ: ಫ್ಲಾಂಜ್ ಒಳಗಿನ ಹಲ್ಲುಗಳ ಸಂದಿಯಲ್ಲೇ ಎಣ್ಣೆ ಹರಿದು ನಟ್ ಮಧ್ಯದಿಂದ ಹೊರಬರುತ್ತೆ. ನೋಡಿದರೆ ಸೀಲ್ ಸೋರಿದ ಹಾಗೇ ಕಾಣುತ್ತೆ. ಜೋಡಿಸುವಾಗ ಹಲ್ಲಿನ ಹೊರತುದಿಗೆ ಮತ್ತು ವಾಷರ್ ಅಡಿಗೆ ತೆಳುವಾಗಿ ಸಿಲಿಕೋನ್ ಸೀಲೆಂಟ್ ಹಚ್ಚಬೇಕು.

ಹೊಸ ನಟ್ ಹಾಕಿ, ಅದಕ್ಕೆ ಹಳೇ ನಟ್‌ನ ಗುರುತನ್ನೇ ವರ್ಗಾಯಿಸಿಕೊಂಡು, ಗುರುತಿಗೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ, ಒಂದೂವರೆ ಮಿಲಿಮೀಟರ್‌ನಷ್ಟು ಮುಂದೆ ತನ್ನಿ. ಪ್ರತಿ ಸಲ ಶಾಫ್ಟ್ ತಿರುಗಿಸಿ ತಕ್ಕಡಿ ನೋಡಿ. ಮೊದಲು ಬರೆದುಕೊಂಡದ್ದಕ್ಕಿಂತ ಚೂರೇ ಚೂರು ಜಾಸ್ತಿ ಬಂದರೆ ನಿಲ್ಲಿಸಿ. ಆ ಜಾಸ್ತಿ ಹೊಸ ಸೀಲ್‌ನ ಹಿಡಿತ.

ನಿಮ್ಮ ಗಾಡಿಯಲ್ಲಿ ಗನ್ ಈಗಾಗಲೇ ಬಿದ್ದಿರೋದರಿಂದ ಹಳೇ ಅಳತೆಗೆ ಬೆಲೆ ಇಲ್ಲ. ಕ್ರಶ್ ಸ್ಲೀವ್ ಹೌಸಿಂಗ್ ಆದರೆ ಸ್ಲೀವ್ ಬದಲಾಯಿಸಿ ಪುಸ್ತಕದ ಪ್ರಕಾರ ಹೊಸದಾಗಿ ಹೊಂದಿಸಿ. ಪಿನಿಯನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಇದ್ದರೆ, ತಿರುಗಿಸಿದಾಗ ಕರಕರ ಅಂದರೆ, ಬೇರಿಂಗೂ ಜೊತೆಗೇ.

ಗಾಡಿ ಪ್ರೇಮಿ ಮೈಸೂರು

ಇಷ್ಟೆಲ್ಲ ಯಾಕೆ ಗುರು, ಲೀಕ್ ನಿಲ್ಲಿಸೋ ಬಾಟಲ್ ಬರುತ್ತಲ್ಲ, ಹೌಸಿಂಗ್‌ಗೆ ಸುರಿದರೆ ಆಯ್ತು.

ಲೇತ್ ಕೆಲಸ ಪೀಣ್ಯ

ಅದು ಮಾಡೋದು ರಬ್ಬರನ್ನು ಉಬ್ಬಿಸೋದು. ವಯಸ್ಸಾಗಿ ಗಟ್ಟಿಯಾದ ಸೀಲ್ ಆದರೆ ಕೆಲವು ದಿನ ಕಮ್ಮಿ ಆಗಬಹುದು. ಆಮೇಲೆ ರಬ್ಬರ್ ಮೆತ್ತಗಾಗಿ ಇನ್ನೂ ಕೆಡುತ್ತೆ. ಗೆರೆ ಬಿದ್ದ ಶಾಫ್ಟ್, ಮುಚ್ಚಿದ ಬ್ರೀದರ್, ಸಡಿಲ ಬೇರಿಂಗ್ ಇದಕ್ಕೆಲ್ಲ ಬಾಟಲ್ ಏನೂ ಮಾಡಲ್ಲ. ಊರು ಮುಟ್ಟೋವರೆಗೆ ಲೆವೆಲ್ ತುಂಬಿಸಿಕೊಂಡು ಹೋಗೋದೇ ವಾಸಿ.

ಚಾರ್ಮಾಡಿ ಇಳಿಜಾರು

ನೀವೆಲ್ಲ ಪಿನಿಯನ್ ಹಿಡ್ಕೊಂಡಿದ್ದೀರಿ. ನನ್ನ ಪ್ರಕಾರ ಮೊದಲು ಬಿಚ್ಚಬೇಕಾದ್ದು ಬಲ ಹಿಂಚಕ್ರ. ಪಿನಿಯನ್ ಸೋರಿದರೆ ಎಣ್ಣೆ ರಸ್ತೆಗೆ ಹೋಗುತ್ತೆ, ಹಬ್ ಸೀಲ್ ಸೋರಿದರೆ ಬ್ರೇಕ್ ಲೈನರ್‌ಗೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ತುಂಬಿದ ಕ್ಯಾರವಾನ್ ಇಳಿಸುವಾಗ ಬ್ರೇಕ್ ಒಂದೇ ಕಡೆ ಎಳೆದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಡ್ರಮ್ ತೆಗೆದಾಗ ಲೈನರ್ ಮೇಲೆ ಎಣ್ಣೆ ಹೊಳೀತಿದ್ದರೆ ಪೆಟ್ರೋಲಲ್ಲಿ ತೊಳೆಯೋದು, ಬೆಂಕಿ ಹಚ್ಚಿ ಸುಡೋದು ಬೇಡ. ಲೈನರ್ ಒಳಗೆ ಹೀರಿಕೊಂಡಿರುತ್ತೆ, ಬಿಸಿಯಾದಾಗ ಮತ್ತೆ ಬೆವರುತ್ತೆ. ಎರಡೂ ಕಡೆ ಹೊಸ ಲೈನರ್, ಎರಡೂ ಕಡೆ ಹೊಸ ಸೀಲ್. ಡ್ರಮ್ಮನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ.

ಸೀಲ್ ಹಾಕುವಾಗ ಆಕ್ಸಲ್ ತುದಿಯ ಸ್ಪಿಂಡಲ್ ಮೇಲೂ ಉಗುರು ಪರೀಕ್ಷೆ ಮಾಡಿ. ಹಬ್ ವಾಪಸ್ ತೂರಿಸುವಾಗ ಜೋಡಿ ಚಕ್ರದ ಭಾರ ಸೀಲ್ ಮೇಲೆ ಬಿದ್ದು ಲಿಪ್ ಮಡಚಿಕೊಳ್ಳುತ್ತೆ. ಚಕ್ರ ಬೇರೆ ಮಾಡಿ ಬರೀ ಹಬ್ ತೂರಿಸಿ, ಇಲ್ಲ ಕೆಳಗೆ ಟ್ರಾಲಿ ಜಾಕಿ ಕೊಟ್ಟು ನೇರ ತಳ್ಳಿ. ಬೇರಿಂಗ್ ನಟ್ಟನ್ನು ಹಬ್ ತಿರುಗಿಸುತ್ತಲೇ ಬಿಗಿದು, ಪುಸ್ತಕ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಮಡಚಿ. ಹಬ್‌ಗೆ ಆಟ ಇದ್ದರೆ ಸೀಲ್ ಮತ್ತೆ ಸೋರುತ್ತೆ. ಹಾಫ್ ಶಾಫ್ಟ್ ಫ್ಲಾಂಜ್ ಪ್ಯಾಕಿಂಗ್ ಹೊಸದು ಹಾಕಿ.

ಶೆಡ್‌ನಲ್ಲಿ ಗಾಡಿ ಬಲಕ್ಕೆ ವಾಲಿ ನಿಲ್ತಿದೆಯಾ ನೋಡಿ. ಹೌಸಿಂಗ್ ಎಣ್ಣೆ ತಗ್ಗಿನ ಕಡೆ ಹರಿದು ತಿಂಗಳುಗಟ್ಟಲೆ ಆ ಸೀಲ್ ಮುಳುಗಿರುತ್ತೆ. ಫಿಲ್ಲರ್ ತೂತಿನಿಂದ ಮೇಲೆ ತುಂಬಿದ್ದರೆ ಇನ್ನೂ ಬೇಗ.

ಹುಬ್ಬಳ್ಳಿ ಗ್ಯಾರೇಜ್

ಖರೇ ಮಾತು. ಇದರಾಗ ಒಂದು ಸೇರಸ್ತೀನಿ. ಎಣ್ಣಿ ಬದಲಿ ಮಾಡೂಮುಂದ ಮೊದಲ ತುಂಬೂ ಪ್ಲಗ್ ಬಿಚ್ಚರಿ, ಆಮ್ಯಾಲೆ ಕೆಳಗಿಂದು. ಎಣ್ಣಿ ಇಳಿಸಿದ ಮ್ಯಾಲೆ ಮ್ಯಾಲಿನ ಪ್ಲಗ್ ಜಂಗ ಹಿಡದು ಬರಲಿಲ್ಲಂದ್ರ ಗಾಡಿ ಅಲ್ಲೇ ಕೂತಂಗ. ಲೆವೆಲ್ ಅಂದ್ರ ತೂತಿನ ಕೆಳಗಿನ ಅಂಚು, ಸಪಾಟ ನೆಲ, ತಣ್ಣಗಾದ ಗಾಡಿ. ಹೊರಗ ಚೆಲ್ಲಾಕ ಹತ್ತಿತು ಅಂದ್ರ ಸಾಕು. ಮ್ಯಾಗ್ನೆಟ್ ಪ್ಲಗ್‌ಗೆ ಬೂದಿಯಂಥ ಮೆತ್ತನ್ನ ಪುಡಿ ಇದ್ರ ಮಾಮೂಲಿ. ಚೂರು ಸಿಕ್ಕರ ಹೌಸಿಂಗ್ ಬಿಚ್ಚೂದ.

ಭಾರದ ಲೆಕ್ಕ

ಟ್ಯಾಂಕ್ ಬಗ್ಗೆ ಯಾರೂ ಮಾತಾಡಿಲ್ಲ. ವೀಲ್‌ಬೇಸ್ 3.35 ಮೀಟರ್. ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದೆ ಇದೆ ಅಂತ ಇಟ್ಟುಕೊಂಡರೆ 150 ಕಿಲೋ ನೀರು ಹಿಂದಿನ ಆಕ್ಸಲ್ ಮೇಲೆ ಸುಮಾರು 195 ಕಿಲೋ ಹೇರುತ್ತೆ, ಮುಂದಿನದರಿಂದ 45 ಕಿಲೋ ಎತ್ತುತ್ತೆ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಿಂದೆ ನೇತುಹಾಕಿದ ಸ್ಟೆಪ್ನಿ ಇದಕ್ಕೆ ಹೊರತು. ಖಾಲಿ ಇಳಿಸೋ ಸರಕಿನ ಗಾಡಿಯಲ್ಲ ಇದು, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ವರ್ಷವಿಡೀ ಅದೇ ಭಾರದಲ್ಲಿ ಜಗ್ಗಿರುತ್ತವೆ. ಸ್ಪ್ರಿಂಗ್ ಕುಸಿದರೆ ಪ್ರೊಪೆಲ್ಲರ್ ಶಾಫ್ಟ್ ಕೋನ ಬದಲಾಗುತ್ತೆ, ಅದರ ಕೀಲುಗಳಾದ ಕ್ರಾಸ್‌ಗಳು ಏರುಪೇರಾಗಿ ತಿರುಗುತ್ತವೆ, ಆ ನಡುಕ ಪಿನಿಯನ್ ಸೀಲಿಗೂ ಗೇರ್‌ಬಾಕ್ಸ್ ಹಿಂದಿನ ಸೀಲಿಗೂ ತಟ್ಟುತ್ತೆ.

ವೇ ಬ್ರಿಡ್ಜ್‌ನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿಸಿ ಪ್ಲೇಟ್ ಮೇಲಿನ ಆಕ್ಸಲ್ ಮಿತಿಗೆ ಹೋಲಿಸಿ. ಕ್ರಾಸ್ ಮತ್ತು ಸೆಂಟರ್ ಬೇರಿಂಗ್ ರಬ್ಬರ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಇವು ಸಡಿಲ ಇದ್ದಾಗ ಸೀಲ್ ಹಾಕೋದು ದುಡ್ಡು ದಂಡ.

ಕ್ರೌನ್ ಪಿನಿಯನ್

ಎಂಜಿನ್-ಗೇರ್‌ಬಾಕ್ಸ್ ನಡುವಿನ ಹನಿ ಬಗ್ಗೆ: ಬೆಲ್ ಹೌಸಿಂಗ್ ಅಡಿ ಸಣ್ಣ ತೂತಿಗೆ ಬೆರಳಿಟ್ಟು ಮೂಸಿ. ಗಂಧಕ ವಾಸನೆ ಬಂದರೆ ಗೇರ್‌ಬಾಕ್ಸ್ ಮುಂದಿನ ಸೀಲ್, ಕಪ್ಪು ಎಣ್ಣೆ ಆದರೆ ಕ್ರ್ಯಾಂಕ್ ಹಿಂದಿನ ಸೀಲ್. ಕ್ರ್ಯಾಂಕ್ ಸೀಲ್ ಅಂತ ತೀರ್ಮಾನಿಸೋ ಮೊದಲು ಎಂಜಿನ್ ಬ್ರೀದರ್ ಪೈಪ್ ನೋಡಿ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ರೈಲಿನ ಹಾಗೆ ಹೊಗೆ ಉಗುಳಿದರೆ ಒಳಗಿನ ಒತ್ತಡ ಜಾಸ್ತಿ ಇದೆ, ಸೀಲ್ ಬದಲಾಯಿಸಿ ಉಪಯೋಗವಿಲ್ಲ.

ಕ್ಲಚ್ ಜಾರದೆ, ಹನಿ ಆಗಾಗ ಮಾತ್ರ ಬೀಳ್ತಿದ್ದರೆ ಕಾಯಿರಿ. ಕ್ಲಚ್ ಪ್ಲೇಟ್ ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿದಾಗ ಎರಡೂ ಸೀಲ್ ಒಟ್ಟಿಗೆ ಹಾಕಿ, ಕೂಲಿ ಒಂದೇ. ಹೊಸ ಕ್ರ್ಯಾಂಕ್ ಸೀಲ್‌ನಲ್ಲಿ ಸ್ಪ್ರಿಂಗ್ ಇಲ್ಲದೆ ಅಗಲವಾದ ಪ್ಲಾಸ್ಟಿಕ್ ಥರದ ಲಿಪ್ ಇದ್ದರೆ ಅದು ಪಿಟಿಎಫ್‌ಇ. ಅದನ್ನು ಮಾತ್ರ ಒಣಗೇ ಹಾಕಬೇಕು, ಎಣ್ಣೆ ಗ್ರೀಸ್ ಏನೂ ಬೇಡ, ಜೊತೆಗೆ ಬರೋ ಪ್ಲಾಸ್ಟಿಕ್ ಬಳೆ ಮೇಲಿಂದಲೇ ಜಾರಿಸಬೇಕು.

ಎಣ್ಣೆ: ಹೌಸಿಂಗ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್. ಗೇರ್‌ಬಾಕ್ಸ್‌ಗೆ ಪುಸ್ತಕ ಜಿಎಲ್-4 ಅಂದರೆ ಜಿಎಲ್-4 ಮಾತ್ರ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ಜಾಸ್ತಿ, ಹಿತ್ತಾಳೆ ಸಿಂಕ್ರೋ ರಿಂಗ್‌ಗಳಿಗೆ ಆಗಿಬರೋದಿಲ್ಲ. ಸೋರ್ತಿದೆ ಅಂತ 140ರ ದಪ್ಪ ಎಣ್ಣೆ ಗೇರ್‌ಬಾಕ್ಸ್‌ಗೆ ಸುರಿದು ಚಳಿಯಲ್ಲಿ ಗೇರ್ ಬೀಳ್ತಿಲ್ಲ ಅಂತ ಬರೋರೂ ಇದ್ದಾರೆ.

ಡುಕಾಟೊ ಜರ್ಮನಿ

ಇಲ್ಲಿ ಯೂರೋಪಿನಲ್ಲಿ ಬಹಳಷ್ಟು ಮೋಟರ್‌ಹೋಮ್‌ಗಳು ಫಿಯಟ್ ಡುಕಾಟೊ ಮೇಲೆ ಕಟ್ಟಿದವು, ಮುಂದಿನ ಚಕ್ರ ಎಳೆಯೋದು. ಪ್ರೊಪೆಲ್ಲರ್ ಶಾಫ್ಟೂ ಇಲ್ಲ, ಹಿಂದೆ ಹೌಸಿಂಗೂ ಇಲ್ಲ. ಸೋರೋದು ಗೇರ್‌ಬಾಕ್ಸ್‌ನಿಂದ ಡ್ರೈವ್ ಶಾಫ್ಟ್ ಹೊರಡೋ ಎರಡು ಸೀಲ್. ಶಾಫ್ಟ್ ಎಳೆದರೆ ಗೇರ್ ಆಯಿಲ್ ಸುರಿಯುತ್ತೆ, ಮೊದಲೇ ಇಳಿಸಿಕೊಳ್ಳಬೇಕು. ವಾಪಸ್ ತೂರಿಸುವಾಗ ಶಾಫ್ಟಿನ ಹಲ್ಲು ಲಿಪ್ಪನ್ನು ಕೊಯ್ಯದ ಹಾಗೆ ಕೈ ಕೊಟ್ಟು ಎತ್ತಿ ಹಿಡೀಬೇಕು. ಡ್ರೈವ್ ಶಾಫ್ಟ್ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದ್ದನ್ನು ಸೀಲ್ ಲೀಕ್ ಅಂತ ತಿಳಿಯೋದು ಇಲ್ಲೂ ಮಾಮೂಲಿ. ಗ್ರೀಸ್ ಆದರೆ ದಪ್ಪ, ಕಪ್ಪು, ಚಕ್ರದ ಒಳಗೆ ಉಂಗುರದ ಹಾಗೆ ಅಂಟಿರುತ್ತೆ.

ಮನೆಗಾಡಿ ಶಿರಸಿ

ಬಲ ಡ್ರಮ್ ತೆಗೆಸಿದೆ, ಗೇರ್ ಆಯಿಲೇ. ಶೆಡ್ ಬಲಕ್ಕೆ ವಾಲಿರೋದೂ ಹೌದು. ಹಬ್ ಮೊದಲು, ಆಮೇಲೆ ಫ್ಲಾಂಜ್ ಸ್ಲೀವ್. ಮಳೆಗಾಲದಲ್ಲಿ ನಿಲ್ಲಿಸಿದಾಗ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡ್ತೇವೆ, ಅದು ಸಾಕಾ?

ಚಾರ್ಮಾಡಿ ಇಳಿಜಾರು

ಸಾಲದು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿದರೆ ನೆನೆಯೋದು ಕ್ರ್ಯಾಂಕ್ ಸೀಲ್, ಗೇರ್‌ಬಾಕ್ಸ್ ಮುಂದಿನ ಸೀಲ್ ಅಷ್ಟೇ. ಪಿನಿಯನ್, ಹಬ್ ಒಂದು ಸುತ್ತೂ ತಿರುಗಿರಲ್ಲ. ಹತ್ತು ನಿಮಿಷಕ್ಕೆ ಎಂಜಿನ್ನೂ ಪೂರ್ತಿ ಬಿಸಿಯಾಗದೆ ಒಳಗೆ ತೇವ ಉಳಿಯುತ್ತೆ. ತಿಂಗಳಿಗೊಮ್ಮೆ 20 ಕಿಲೋಮೀಟರ್ ರಸ್ತೆ ಮೇಲೆ ಓಡಿಸಿ. ಆಗದಿದ್ದರೆ ಶೆಡ್‌ನಲ್ಲೇ ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿ, ಲಿಪ್ ಜಾಗ ಬದಲಾಗಿ ಎಣ್ಣೆ ಸವರಿಕೊಳ್ಳುತ್ತೆ. ವಾಲಿರೋ ಕಡೆ ಚಕ್ರದಡಿ ಹಲಗೆ ಕೊಟ್ಟು ಮಟ್ಟ ಮಾಡಿ.

ನೀರು ದಾಟಿದ ಮೇಲೂ ಒಮ್ಮೆ ನೋಡಿ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್, ಬ್ರೀದರ್ ಎರಡರಿಂದಲೂ ನೀರು ಎಳೆದುಕೊಳ್ಳುತ್ತೆ. ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಅವತ್ತೇ ಇಳಿಸಿ. ಬ್ರೀದರ್‌ಗೆ ಎಣ್ಣೆ ತಾಗಿದರೂ ಕೆಡದ ಪೈಪ್ ಹಾಕಿ ಚಾಸಿ ಮೇಲಿನವರೆಗೆ ಎಳೆದು, ತುದಿ ಕೆಳಮುಖ ಬಗ್ಗಿಸಿ ಕ್ಲಿಪ್ ಹಾಕಿದರೆ ಅರ್ಧ ತಲೆನೋವು ಕಮ್ಮಿ. ಸ್ಪ್ರಿಂಗ್ ಮೇಲೆ ಕೆಳಗೆ ಆಡುತ್ತಲ್ಲ, ಪೈಪ್ ಬಿಗಿಯಾಗಿ ಎಳೆಯದೆ ಒಂದು ಗೇಣು ಸಡಿಲ ಬಿಡಿ.